ಹೊಳೆಯ ಈ ದಂಡೆಯಿಂದ ಹರಿಹರ

ಹೋದ ತಿಂಗಳು ಅಪ್ಪನ ಲೇತ್, ಅಂದರೆ ಕಬ್ಬಿಣ ಕಡೆಯುವ ಯಂತ್ರ, ಮಾರಿದೆವು. ರಾಣೆಬೆನ್ನೂರಿನ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಅದು ನಲವತ್ತು ವರ್ಷ ತಿರುಗಿತ್ತು. ಗಿರಣಿಯ ಶಾಫ್ಟು, ಕಬ್ಬಿನ ಗಾಣದ ರೋಲರ್, ಪಂಪಿನ ಬುಶ್, ಎತ್ತಿನ ಗಾಡಿಯ ಅಚ್ಚು, ಊರಿಗೆ ಬೇಕಾದದ್ದೆಲ್ಲ ಅದರ ಮೇಲೆ ಹಾದು ಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ಐದು ವರ್ಷ ಗೋಣಿಚೀಲ ಹೊದ್ದುಕೊಂಡು ಸುಮ್ನೆ ನಿಂತಿತ್ತು.

ಕೊಳ್ಳಲು ಬಂದವನು ಹುಬ್ಬಳ್ಳಿಯ ತಾರಿಹಾಳದಲ್ಲಿ ಸ್ವಂತ ಶೆಡ್ ಹಾಕಿಕೊಂಡಿರುವ ಹುಡುಗ. ಮೊದಲು ಬೆಡ್, ಅಂದರೆ ಲೇತಿನ ಉದ್ದನೆಯ ತಳ, ನೋಡಿದ. ಅದರ ಉದ್ದಕ್ಕೂ ಹೆಬ್ಬೆರಳು ಎಳೆದ. ಅದರ ಮೇಲೆ ಜಾರುವ ಸ್ಯಾಡಲ್ ಸರಿಸಿ ಬಗ್ಗಿ ನೋಡಿದ. ಕೊನೆಗೆ ಹೆಡ್‌ಸ್ಟಾಕಿನ ಮೇಲಿನ ಒಣಗಿದ ಗ್ರೀಸನ್ನು ಅಂಗೈಯಿಂದ ಒರೆಸಿ, ಕೆಳಗಿನ ಹೆಸರು ಓದಿದ. ‘ಹರಿಹರದ ಮಾಲೇನ್ರಿ? ಹಂಗಾದ್ರ ಚೌಕಾಸಿ ಬ್ಯಾಡ, ನೀವ ಒಂದು ಮಾತು ಹೇಳ್ರಿ’ ಎಂದ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಂತ್ರ ಹೋದ ಸಂಕಟ ಇತ್ತು, ನಿಜ. ಅದಕ್ಕಿಂತ ಜಾಸ್ತಿ ಕಾಡಿದ್ದು ಆ ಹೆಸರು. ಹರಿಹರ ನಮಗೆ ಹೊಳೆಯ ಆಚೆ ದಂಡೆಯ ಊರು. ಮಧ್ಯೆ ತುಂಗಭದ್ರೆ. ಆ ಊರನ್ನು ನನಗೆ ತೋರಿಸಿದವನು ಅಪ್ಪ, ಅದೂ ಅವನದೇ ರೀತಿಯಲ್ಲಿ.

ಶ್ರಾವಣದ ಒಂದು ಸೋಮವಾರ ಅಂಗಡಿಗೆ ಬೀಗ ಹಾಕಿ ನಮ್ಮನ್ನು ಪ್ಯಾಸೆಂಜರ್ ಗಾಡಿಗೆ ಹತ್ತಿಸುತ್ತಿದ್ದ. ಚಳಗೇರಿ ಆಯಿತು, ಕುಮಾರಪಟ್ಟಣ ಆಯಿತು ಅನ್ನುವಷ್ಟರಲ್ಲಿ ಗಾಲಿಯ ಸದ್ದು ಬದಲಾಗುತ್ತಿತ್ತು. ನೆಲದ ಮೇಲಿನ ಸದ್ದು ಬೇರೆ, ಸೇತುವೆಯ ಮೇಲಿನ ಸದ್ದೇ ಬೇರೆ. ಹೆಂಗಸರು ಕಿಟಕಿಯಿಂದ ಹೊಳೆಗೆ ನಾಣ್ಯ ಎಸೆದು ಕೈ ಮುಗಿಯುತ್ತಿದ್ದರು. ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು ದಂಡೆಯಿಂದ ದಂಡೆಗೆ. ಬೇಸಿಗೆಯಲ್ಲಿ ಹೋದರೆ ಬಂಡೆ, ಮರಳು, ನಡುವೆ ನಾಲ್ಕು ಸೀಳು ನೀರು.

ಅಜ್ಜಿ ಮಾತ್ರ ಕೊನೆಯವರೆಗೂ ‘ಹರಿಹರಕ್ಕ ಹೊಂಟೀನಿ’ ಅಂದವಳಲ್ಲ. ‘ಮೈಸೂರು ಸೀಮಿಗೆ ಹೋಗಿ ಬರ್ತೀನಿ’ ಅನ್ನುತ್ತಿದ್ದಳು. ಅವಳ ಮಾತು ಸುಳ್ಳಲ್ಲ. 1956ರವರೆಗೆ ಈ ಹೊಳೆ ಎರಡು ರಾಜ್ಯಗಳ ಗಡಿ. ಈಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಆಚೆ ಮೈಸೂರಿನ ಚಿತ್ರದುರ್ಗ ಜಿಲ್ಲೆ. 1997ರಲ್ಲಿ ಮತ್ತೆ ಜಿಲ್ಲೆ ಒಡೆದಾಗ ನಾವು ಹಾವೇರಿಗೆ ಬಂದೆವು, ಹರಿಹರ ದಾವಣಗೆರೆಗೆ ಹೋಯಿತು. ಹತ್ತೇ ದಿನಗಳ ಅಂತರದಲ್ಲಿ ಹುಟ್ಟಿದ ಎರಡು ಜಿಲ್ಲೆಗಳು. ಗೆರೆಯ ಹೆಸರು ಬದಲಾಯಿತೇ ಹೊರತು ಗೆರೆ ಅಲ್ಲೇ ಉಳಿಯಿತು. ಮಾತಿನಲ್ಲೂ ಅದು ಕೇಳಿಸುತ್ತದೆ. ಈಚೆ ನಾವು ‘ಹೊಳಿ’ ಅಂದರೆ ಆಚೆಯವರು ‘ಹೊಳೆ’ ಅನ್ನುತ್ತಾರೆ. ಮಂಡಕ್ಕಿ-ಮಿರ್ಚಿಗೆ ಮಾತ್ರ ಯಾವ ಗಡಿಯೂ ಇಲ್ಲ.

ಊರಿನ ದೇವರೂ ಹಾಗೆಯೇ, ಎರಡು ಅರ್ಧ ಸೇರಿ ಒಂದು. ಗುಹಾಸುರ ಎಂಬ ರಾಕ್ಷಸ ಬ್ರಹ್ಮನಿಂದ ವರ ಪಡೆದಿದ್ದನಂತೆ: ಹರಿಯೊಬ್ಬನಿಂದಲೂ ಸಾವಿಲ್ಲ, ಹರನೊಬ್ಬನಿಂದಲೂ ಸಾವಿಲ್ಲ. ಆಗ ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಮುಗಿಸಿದರಂತೆ. ಗುಡಿಯೊಳಗಿನ ಮೂರ್ತಿಯಲ್ಲಿ ಬಲಗಡೆ ಶಿವ, ಎಡಗಡೆ ವಿಷ್ಣು. ಹಳೆಯ ಕಾಲದಲ್ಲಿ ಊರಿಗೆ ಕೂಡಲೂರು ಎಂಬ ಹೆಸರೂ ಇತ್ತು. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಹೊಳೆ ಇಲ್ಲಿ ತುಂಗಭದ್ರೆಗೆ ಕೂಡುತ್ತದೆ, ಅದಕ್ಕೆ. ತುಂಗಭದ್ರೆ ತಾನೇ ಕೂಡಲಿಯಲ್ಲಿ ಎರಡು ಹೊಳೆ ಸೇರಿ ಆದದ್ದು. ಕೂಡುವುದು ಈ ನೀರಿನ ಹುಟ್ಟುಗುಣ ಅನ್ನಿಸುತ್ತದೆ.

ಹರಿಹರೇಶ್ವರ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಪೊಲಾಳ್ವ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ. ಮುಂದೆ 1268ರಲ್ಲಿ ಸೋಮ ದಂಡನಾಯಕ ಇದಕ್ಕೆ ಇನ್ನಷ್ಟು ಸೇರಿಸಿದ. ಸೋಮನಾಥಪುರದ ಗುಡಿ ಕಟ್ಟಿಸಿದ ಅದೇ ಸೋಮ. ಇಲ್ಲಿಗೆ ಬಂದವರು ಸೋಮನಾಥಪುರದಂತೆ ಗೋಡೆ ತುಂಬ ಶಿಲ್ಪ ಹುಡುಕಿದರೆ ನಿರಾಸೆಯಾದೀತು. ಇದು ಕಂಬಗಳ ಗುಡಿ. ಮುಂದಿನ ತೆರೆದ ಮಂಟಪದ ಸುತ್ತ ಅರೆಗೋಡೆ, ಅದರ ಮೇಲೆ ಅರ್ಧ ಕಂಬಗಳು, ಒಳಗೆ ಪೂರ್ತಿ ಕಂಬಗಳು, ಮೇಲೆ ಕಮಲ ಕೆತ್ತಿದ ಚಾವಣಿ.

ಅಪ್ಪ ದೇವರ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದ, ಕಂಬದ ಮುಂದೆ ಅರ್ಧ ಗಂಟೆ. ನನಗೆ ಏಳೋ ಎಂಟೋ ವರ್ಷ ಇದ್ದಾಗ ನನ್ನನ್ನು ಒಂದು ಕಂಬದ ಹತ್ತಿರ ಕರೆದ. ಕೆಳಗೆ ಚೌಕ. ಅದರ ಮೇಲೆ ಗಂಟೆಯ ಹಾಗೆ ಅಗಲವಾಗಿ ಹೋಗಿ ಮತ್ತೆ ಸಣ್ಣದಾಗುವ ದುಂಡು ಭಾಗ. ಅದರ ಮೇಲೆ ಒಂದರ ಮೇಲೊಂದು ಬಳೆ ಪೇರಿಸಿದ ಹಾಗೆ ಸುತ್ತುಗಳು.

‘ಆ ಗೆರಿಯೊಳಗ ಉಗುರು ಇಡು. ಇಟ್ಟು ಸುತ್ತ ಹಾಕಿ ಬಾ’ ಎಂದ.

ಎರಡು ಬಳೆಗಳ ನಡುವಿನ ಸಂದಿಯಲ್ಲಿ ಕಿರುಬೆರಳಿನ ಉಗುರು ಇಟ್ಟೆ. ಕಲ್ಲು ತಣ್ಣಗಿತ್ತು, ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ಸಂದಿಯ ತಳದಲ್ಲಿ ಸಣ್ಣ ಧೂಳು. ಕಂಬ ಸುತ್ತಿ ಬಂದೆ. ಉಗುರು ಎಲ್ಲೂ ಮೇಲೆ ಏರಲಿಲ್ಲ, ಕೆಳಗೆ ಜಾರಲಿಲ್ಲ, ಎಲ್ಲೂ ತಡೆಯಲಿಲ್ಲ. ಹೊರಟ ಜಾಗಕ್ಕೇ ಬಂದು ನಿಂತಿತು.

‘ಇದ ಲೇತ್ ಕೆಲಸ ನೋಡಪಾ. ಬರೇ ಉಳಿ ಹಿಡಕೊಂಡು ಬಡದ್ರ ಇಷ್ಟು ನೆಟ್ಟಗ ಬರಂಗಿಲ್ಲ. ಕಲ್ಲು ತಿರಗೇತಿ, ಉಳಿ ನಿಂತೇತಿ.’

ಕಲ್ಲು ತಿರುಗಿದೆ, ಉಳಿ ನಿಂತಿದೆ. ಲೇತ್ ಎಂದರೆ ಏನು ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ನಾನು ಎಲ್ಲೂ ಕೇಳಿಲ್ಲ. ಕುಂಬಾರನ ತಿಗರಿ, ಬಡಿಗನ ಚರಕಿ, ಅಪ್ಪನ ಯಂತ್ರ, ಎಲ್ಲವೂ ಅದೇ. ಹೊಯ್ಸಳರ ಮತ್ತು ಅವರಿಗಿಂತ ಮೊದಲಿನ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ಹೀಗೆ ತಿರುಗಿಸಿ ಕಡೆಯುತ್ತಿದ್ದರು. ಆ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ಕಂಡಂತೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸಣ್ಣ ಸುತ್ತುಗಳು ಎಂಟುನೂರು ವರ್ಷ ಕಳೆದರೂ ಹಾಗೇ ಉಳಿದಿವೆ.

ಅಷ್ಟು ಭಾರದ ಕಂಬವನ್ನು ತಿರುಗಿಸಿದ್ದು ಹೇಗೆ? ಈ ವಿಷಯಕ್ಕೆ ಅಪ್ಪನಿಗೂ ಅವನ ಜೊತೆ ಕೆಲಸ ಮಾಡುತ್ತಿದ್ದ ಮೇಸ್ತ್ರಿಗೂ ವರ್ಷಗಟ್ಟಲೆ ವಾದ ನಡೆಯಿತು. ಮೇಸ್ತ್ರಿ ಹೇಳುತ್ತಿದ್ದದ್ದು, ನಮ್ಮ ಲೇತಿನ ಹಾಗೆ ಮಲಗಿಸಿಯೇ ತಿರುಗಿಸಿರಬೇಕು ಅಂತ. ಅಪ್ಪ ಒಪ್ಪುತ್ತಿರಲಿಲ್ಲ. ಉದ್ದನೆಯ ಶಾಫ್ಟನ್ನು ಎರಡು ಕಡೆ ಹಿಡಿದು ತಿರುಗಿಸಿದರೆ ಕಬ್ಬಿಣವೇ ನಡುವೆ ಬಾಗುತ್ತದೆ, ಆಧಾರಕ್ಕೆ ಸ್ಟೆಡಿ ಕೊಡಬೇಕಾಗುತ್ತದೆ. ಕಲ್ಲು ಬಾಗುವುದಿಲ್ಲ, ಮುರಿದೇ ಹೋಗುತ್ತದೆ. ಆದ್ದರಿಂದ ನಿಲ್ಲಿಸಿಯೇ ತಿರುಗಿಸಿದ್ದಾರೆ, ಕುಂಬಾರನ ತಿಗರಿಯ ಹಾಗೆ. ಚಹಾ ತಣ್ಣಗಾಗುವವರೆಗೂ ಈ ಮಾತು. ನನಗೆ ಈಗಲೂ ಅಪ್ಪನ ಲೆಕ್ಕವೇ ಸರಿ ಅನ್ನಿಸುತ್ತದೆ.

(ಒಂದು ಮಾತು. ನೀವು ಹೋದಾಗ ಉಗುರು ಹಚ್ಚಬೇಡಿ. ಅದು ಪುರಾತತ್ವ ಇಲಾಖೆ ಕಾಪಾಡುತ್ತಿರುವ ಗುಡಿ. ದಿನಕ್ಕೆ ನೂರು ಜನ ಮುಟ್ಟಿದರೆ ಕಲ್ಲಾದರೂ ಎಷ್ಟು ತಡೆದೀತು. ಕಣ್ಣನ್ನು ಸುತ್ತಿನ ಮಟ್ಟಕ್ಕೆ ತಂದು ನೋಡಿ, ಸಾಕು.)

ಗುಡಿಯಿಂದ ಹೊಳೆಗೆ ಬಂದರೆ ಹಳೇ ಸೇತುವೆ. 1868ರಲ್ಲಿ ಮುಗಿದದ್ದು, ಕಲ್ಲು ಮತ್ತು ಇಟ್ಟಿಗೆಯದು, ಹದಿನಾಲ್ಕು ಕಮಾನು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ದೊಡ್ಡ ರಸ್ತೆ ಇದರ ಮೇಲೆ ದಾಟುತ್ತಿತ್ತು. ಅದಕ್ಕೂ ಮೊದಲು ಇಲ್ಲಿ ದಾಟಲು ಹರಿಗೋಲೇ ಗತಿ. ಮಳೆಗಾಲದಲ್ಲಿ ತುಂಗಭದ್ರೆಯನ್ನು ನೋಡಿದವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ರೈಲು ಬಂತು. ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲಿ ಹೊಳೆ ದಾಟಿ ಮೈಸೂರು ಸೀಮೆಗೆ ಇಳಿಯಿತು. ನೀರು ಇತ್ತು, ರಸ್ತೆ ಇತ್ತು, ರೈಲು ಇತ್ತು, ಪಕ್ಕದಲ್ಲೇ ಹತ್ತಿ ಮಿಲ್ಲುಗಳ ದಾವಣಗೆರೆ. ಕಾರ್ಖಾನೆ ಬರಲು ಇನ್ನೇನು ಬೇಕು?

1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು. ಕಿರ್ಲೋಸ್ಕರ್ ಎಂದ ಕೂಡಲೇ ಪುಣೆ ಕಡೆಯವರು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಆ ಮನೆತನದ ಉದ್ಯಮ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಮೇಲೆ ಬಂದವರು. ಹರಿಹರದಲ್ಲಿ ಅವರ ಸಮೂಹ ಕಟ್ಟಿದ್ದು ಲೇತ್ ತಯಾರಿಸುವ ಕಾರ್ಖಾನೆ. ಅದರ ಸುತ್ತ ಬೆಳೆದ ಬಡಾವಣೆಯ ಹೆಸರೇ ಯಂತ್ರಪುರ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಲೇತುಗಳು ಅಲ್ಲಿಂದ ದೇಶದ ಮೂಲೆ ಮೂಲೆಗೆ ಹೋದವು. ಐಟಿಐ ಓದಿದ ಯಾವ ಟರ್ನರನ್ನೇ ಕೇಳಿ, ಈ ಹೆಸರು ಗೊತ್ತಿರುತ್ತದೆ.

ಲೇತ್ ಕಾರ್ಖಾನೆ ಬೇರೆ ಕಾರ್ಖಾನೆಯ ಹಾಗಲ್ಲ. ಅದು ಯಂತ್ರ ಹೆರುವ ಯಂತ್ರವನ್ನು ಮಾಡುತ್ತದೆ. ಅದರಲ್ಲಿ ಕೂದಲೆಳೆಯಷ್ಟು ತಪ್ಪಿದರೆ, ಅದು ಮಾಡಿದ ಪ್ರತಿ ಶಾಫ್ಟಿನಲ್ಲೂ ಆ ತಪ್ಪು ಬರುತ್ತದೆ. ಅದಕ್ಕೇ ಬೆಡ್ಡಿನ ಮೇಲೆ ಜಾರುವ ಭಾಗಗಳನ್ನು ಕೊನೆಗೆ ಕೈಯಲ್ಲೇ ತೀಡುತ್ತಿದ್ದರು. ಮಟ್ಟದ ಪಟ್ಟಿಗೆ ನೀಲಿ ಬಣ್ಣ ಹಚ್ಚಿ ಒತ್ತಿ ನೋಡುವುದು, ಬಣ್ಣ ಅಂಟಿದ ಕಡೆ ಉಬ್ಬು ಎಂದು ಲೆಕ್ಕ. ಆ ಉಬ್ಬನ್ನು ಸ್ಕ್ರೇಪರಿನಿಂದ ಹೆರೆಯುವುದು, ಮತ್ತೆ ಒತ್ತುವುದು. ಹೀಗೆ ಹತ್ತಾರು ಸಲ. ಅಪ್ಪನ ಲೇತಿನ ಸ್ಯಾಡಲ್ ಬಿಚ್ಚಿದಾಗ ಕೆಳಗೆ ಆ ಗುರುತುಗಳು ಕಾಣುತ್ತಿದ್ದವು. ಕೊಕ್ಕರೆಯ ಹೆಜ್ಜೆಗಳಂತೆ ಸಣ್ಣ ಸಣ್ಣ ಅರ್ಧಚಂದ್ರ, ಸಾಲು ಸಾಲು. ಅವು ಬರೀ ಚಂದಕ್ಕೆ ಅಲ್ಲ. ಆ ಸಣ್ಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ತಾರಿಹಾಳದ ಹುಡುಗ ಬಗ್ಗಿ ಹುಡುಕಿದ್ದು ಅವನ್ನೇ. ನಲವತ್ತು ವರ್ಷ ತಿರುಗಿದ ಮೇಲೂ ಅಂಚಿನಲ್ಲಿ ಇನ್ನೂ ಇದ್ದವು.

ಯಾರದೋ ಕೈ ಅದು. ಹರಿಹರದಲ್ಲಿ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಂದ ಯಾರೋ ಒಬ್ಬ ಫಿಟ್ಟರಿನ ಕೈ. ಗುಡಿಯ ಕಂಬ ಕಡೆದವನ ಹೆಸರು ನನಗೆ ಗೊತ್ತಿಲ್ಲ, ಇವನ ಹೆಸರೂ ಗೊತ್ತಿಲ್ಲ. ಆದರೆ ಒಂದೇ ಊರಿನಲ್ಲಿ, ಕೆಲವೇ ಕಿಲೋಮೀಟರ್ ಅಂತರದಲ್ಲಿ, ಏಳುನೂರು ವರ್ಷ ಬಿಟ್ಟು ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದರು: ತಿರುಗಿಸಿ ಕಡೆಯುವ ಕೆಲಸ. ಹರಿಹರದಲ್ಲಿ ನೋಡಬೇಕಾದದ್ದು ಏನು ಅಂತ ಕೇಳಿದವರಿಗೆ ನಾನು ಹೇಳುವುದು ಇದನ್ನೇ. ಗುಡಿಗೆ ಹೋಗಿ ಕೈ ಮುಗಿದು ಹತ್ತು ನಿಮಿಷಕ್ಕೆ ಬಸ್ ಹತ್ತುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಆ ಕಾರ್ಖಾನೆ ಈಗ ಇಲ್ಲ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು ಬಂದವು, ಹೊರಗಿನ ಮಾಲು ಬಂತು, ಮಾರುಕಟ್ಟೆ ಬದಲಾಯಿತು. 2000ರ ದಶಕದ ಶುರುವಿನಲ್ಲಿ ಬಾಗಿಲು ಮುಚ್ಚಿತು. ಹರಿಹರದವರು ಆ ಮಾತು ಬಂದಾಗ ಈಗಲೂ ದನಿ ತಗ್ಗಿಸುತ್ತಾರೆ, ಮನೆಯ ಹಿರಿಯರ ಮಾತು ಬಂದ ಹಾಗೆ. ಮೂರು ಪಾಳಿಯ ಸೈರನ್ನಿಗೆ ಗಡಿಯಾರ ಸರಿ ಮಾಡಿಕೊಂಡ ಊರಿಗೆ ಆ ಸದ್ದು ನಿಂತದ್ದು ಸಣ್ಣ ವಿಷಯವಲ್ಲ.

ಸಂಜೆ ಹರಿಹರದ ದಂಡೆಯಲ್ಲಿ ನಿಂತರೆ ಸೂರ್ಯ ಮುಳುಗುವುದು ನಮ್ಮ ಕಡೆ, ಕುಮಾರಪಟ್ಟಣದ ಚಿಮಣಿಗಳ ಹಿಂದೆ. ಅವು ಹರಿಹರ ಪಾಲಿಫೈಬರ್ಸ್ ಮತ್ತು ಗ್ರಾಸಿಲೀನ್. ಹೆಸರಿನಲ್ಲಿ ಹರಿಹರ, ಆದರೆ ನೆಲ ಹಾವೇರಿ ಜಿಲ್ಲೆಯದು, ರಾಣೆಬೆನ್ನೂರು ತಾಲ್ಲೂಕು. 1970ರ ದಶಕದಲ್ಲಿ ಶುರುವಾದವು. ಒಂದರಲ್ಲಿ ಮರದ ತಿರುಳು ತಯಾರಾಗುತ್ತದೆ, ಇನ್ನೊಂದರಲ್ಲಿ ಅಂಥ ತಿರುಳಿನಿಂದ ನೂಲಿಗೆ ಬೇಕಾದ ಎಳೆ. ನೀಲಗಿರಿಯಂಥ ಮರವನ್ನು ಚೂರು ಮಾಡಿ ಬೇಯಿಸುತ್ತಾರೆ. ಬಂದ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ ಜೇನಿನ ಹಾಗೆ ಮಂದ ಮಾಡುತ್ತಾರೆ. ಅದನ್ನು ಕೂದಲಿಗಿಂತ ಸಣ್ಣ ತೂತುಗಳಿಂದ ಆಸಿಡ್ ತೊಟ್ಟಿಗೆ ಬಿಟ್ಟರೆ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ. ನೀವು ಹಾಕಿಕೊಂಡ ಮೆತ್ತನೆಯ ವಿಸ್ಕೋಸ್ ಅಂಗಿಯ ಹಿಂದೆ ಎಲ್ಲೋ ಒಂದು ಮರ ಇರುತ್ತದೆ. ಹತ್ತಿಯ ಸೀಮೆಯಲ್ಲಿ ಹುಟ್ಟಿದ ನನಗೆ ಇದು ಮೊದಲ ಸಲ ತಿಳಿದಾಗ ನಂಬಲಿಕ್ಕೇ ಆಗಿರಲಿಲ್ಲ.

ಈ ಕೆಲಸಕ್ಕೆ ನೀರು ಬೇಕು, ಮರ ಬೇಕು. ಎರಡೂ ನಮ್ಮ ಸೀಮೆಯಲ್ಲಿ ದೊಡ್ಡ ಪ್ರಶ್ನೆಗಳಾದವು. ‘ತುಂಗಾ ಪಾನ, ಗಂಗಾ ಸ್ನಾನ’ ಅನ್ನುವ ಜನ ನಾವು. 1980ರ ದಶಕದಲ್ಲಿ ಹೊಳೆಯ ನೀರು ಕೆಡುತ್ತಿದೆ ಎಂದು ದಂಡೆಯ ಹಳ್ಳಿಗಳು ದನಿ ಎತ್ತಿದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ಅದೇ ಹೊತ್ತಿಗೆ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿ, ಸುಮಾರು 75,000 ಎಕರೆ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿಯಂಥ ಮರ ಬೆಳೆಸಲು ಹೊರಟವು. ದನ ಮೇಯುವ, ಸೌದೆ ಆಯುವ ಜಮೀನು ಅದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ನೀಲಗಿರಿ ಸಸಿ ಕಿತ್ತು ಆ ಜಾಗದಲ್ಲಿ ಹಳ್ಳಿಗೆ ಉಪಯೋಗವಾಗುವ ಗಿಡ ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಎಂದೇ ಅದರ ಹೆಸರು. ಬರೀ ಕಿತ್ತು ಬರಲಿಲ್ಲ, ಹಚ್ಚಿ ಬಂದರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಆ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚಲಾಯಿತು.

ಊರಿಗೆ ಅನ್ನ ಕೊಡುವ ಚಿಮಣಿಯನ್ನು ನಾನು ಬೈಯಲಾರೆ. ನಮ್ಮ ಓಣಿಯಲ್ಲೇ ಎಷ್ಟೋ ಮನೆಗಳ ಮಕ್ಕಳು ಆ ಸಂಬಳದಿಂದ ಓದಿದ್ದಾರೆ. ಹೊಳೆಯನ್ನೂ ಬಿಟ್ಟುಕೊಡಲಾರೆ. ಕುಸನೂರಿನ ಕಥೆಯನ್ನು ನಮ್ಮ ಜಿಲ್ಲೆಯ ಪ್ರತಿ ಶಾಲೆಯಲ್ಲಿ ಹೇಳಬೇಕು ಎಂದು ನನಗೆ ಬಹಳ ಅನ್ನಿಸುತ್ತದೆ. ಕೈಗಾರಿಕೆಯ ಊರು ನೋಡುವುದು ಅಂದರೆ ಚಿಮಣಿಯ ಫೋಟೊ ತೆಗೆದುಕೊಂಡು ಬರುವುದಲ್ಲ.

ಬರುವವರಿಗೆ ಇನ್ನೊಂದಿಷ್ಟು. ಹರಿಹರದಲ್ಲೇ ಆರೋಗ್ಯಮಾತೆಯ ಚರ್ಚ್ ಇದೆ, ಈಗ ಅದು ಬೆಸಿಲಿಕಾ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿ-ಮತದವರೂ ಬರುತ್ತಾರೆ. ನಮ್ಮ ದಂಡೆಯಲ್ಲಿ ಹೊಳೆಯ ಜೊತೆಗೇ ಕೆಳಗೆ ಇಳಿದರೆ ಐರಣಿ, ಅಲ್ಲೊಂದು ಹಳೇ ಕೋಟೆ. ಇನ್ನೂ ಮುಂದೆ ಚೌಡಯ್ಯದಾನಪುರ. ಅಂಬಿಗರ ಚೌಡಯ್ಯನ ಊರು. ದೋಣಿ ನಡೆಸುತ್ತಲೇ ಅಷ್ಟು ನೇರ ಮಾತಿನ ವಚನ ಹೇಳಿದ ಹನ್ನೆರಡನೇ ಶತಮಾನದ ಶರಣ. ದಂಡೆಯ ಮೇಲೇ ಮುಕ್ತೇಶ್ವರ ಗುಡಿ. ಸಂಜೆಯ ಹೊತ್ತಿಗೆ ಅಲ್ಲಿ ಕುಳಿತರೆ ಏಳಲು ಮನಸ್ಸು ಬರುವುದಿಲ್ಲ. ಅದರಾಚೆ ವರದಾ ಬಂದು ತುಂಗಭದ್ರೆಗೆ ಸೇರುವಲ್ಲಿ ಗಳಗನಾಥ. ರಾಣೆಬೆನ್ನೂರಿನ ಹತ್ತಿರ ಕೃಷ್ಣಮೃಗಗಳ ಅಭಯಾರಣ್ಯ, 119 ಚದರ ಕಿಲೋಮೀಟರ್, 1974ರಿಂದ ಇದೆ. ಬೆಳಿಗ್ಗೆ ಬೇಗ ಹೋಗಿ. ಹೊಳೆ ತುಂಬಿ ಹರಿಯುವುದನ್ನು ನೋಡಬೇಕಾದರೆ ಜುಲೈ-ಆಗಸ್ಟ್. ಗುಡಿ ಸುತ್ತಬೇಕಾದರೆ ದೀಪಾವಳಿ ಆದ ಮೇಲೆ.

ಎರಡು ವಾರದ ಹಿಂದೆ ಹುಬ್ಬಳ್ಳಿಗೆ ಹೋದಾಗ ತಡೆಯಲಾಗದೆ ತಾರಿಹಾಳಕ್ಕೆ ಹೋದೆ. ಲೇತಿಗೆ ಹೊಸ ಬೆಲ್ಟ್ ಹಾಕಿದ್ದ, ಹಸಿರು ಬಣ್ಣ ಬಳಿದಿದ್ದ. ಹೆಸರಿನ ಮೇಲೆ ಮಾತ್ರ ಬಣ್ಣ ತಾಗದ ಹಾಗೆ ಬಿಟ್ಟಿದ್ದ. ಕಬ್ಬಿನ ಗಾಣದ ಹಿತ್ತಾಳೆ ಬುಶ್ ಒಂದು ಚಕ್ಕಿನಲ್ಲಿ ತಿರುಗುತ್ತಿತ್ತು. ಹಳದಿ ಚೂರುಗಳು ಚಿಮ್ಮಿ ತಟ್ಟೆಗೆ ಬೀಳುತ್ತಿದ್ದವು. ಎಣ್ಣೆ ನಿಲ್ಲಲು ಒಳಗೆ ಒಂದು ಗೆರೆ ಹೊಡೆದ. ಮೋಟಾರ್ ನಿಲ್ಲಿಸಿದ. ಚಕ್ಕು ಪೂರ್ತಿ ನಿಲ್ಲುವವರೆಗೆ ಕಾದ. ಆಮೇಲೆ ಅಳತೆಪಟ್ಟಿ ತೆಗೆದುಕೊಳ್ಳುವ ಮೊದಲು, ಯಾರೂ ಹೇಳದೆ, ಕಿರುಬೆರಳಿನ ಉಗುರನ್ನು ಆ ಗೆರೆಯೊಳಗಿಟ್ಟು ಒಂದು ಸುತ್ತು ಹಾಕಿದ.

ಬುಶ್ ಬಿಚ್ಚಿ ನನ್ನ ಕೈಗೆ ಕೊಟ್ಟ. ಇನ್ನೂ ಬಿಸಿ ಇತ್ತು.